ಜ್ವರ, ಕೆಮ್ಮು ಮತ್ತು ಬ್ಲಡ್ ರಿಪೋರ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಲ್ಯಾಬ್ ಕಡೆಯ ಡಾಕ್ಟರು. ರೋಗಿಗಳ ಮುಖಕ್ಕಿಂತ ಅವರ ರಕ್ತದ ಟ್ಯೂಬನ್ನೇ ಜಾಸ್ತಿ ನೋಡಿದವಳು. 2021ರ ಏಪ್ರಿಲ್, ಮೇ ತಿಂಗಳಲ್ಲಿ ನನ್ನ ಫೋನಿಗೆ ಬಂದ ರಿಪೋರ್ಟ್ ಫೋಟೋಗಳಿಗೆ ಲೆಕ್ಕವೇ ಇರಲಿಲ್ಲ. ದೊಡ್ಡಮ್ಮನ ಮಗ, ಕಾಲೇಜಿನ ಗೆಳತಿ, ಹಾಲು ಹಾಕುವವನ ಭಾವ, ಎಲ್ಲರದ್ದೂ. ಈಗಲೂ ಫ್ಲೂ ಸೀಸನ್ ಬಂದರೆ ಮತ್ತೆ ಶುರು. ಪ್ರಶ್ನೆಗಳು ಮಾತ್ರ ಅವೇ. ಹಾಗಾಗಿ ಒಂದು ಕಡೆ ಬರೆದಿಟ್ಟೆ, ಅವರು ಕೇಳಿದ ಮಾತಲ್ಲೇ. ಸುಲಭದ್ದು ಮೇಲೆ, ತಲೆ ಕೆರೆದುಕೊಳ್ಳುವಂಥದ್ದು ಕೆಳಗೆ. ಕೋವಿಡ್ ಉದಾಹರಣೆ ಜಾಸ್ತಿ ಬರುತ್ತದೆ. ಈ ವಿಷಯದಲ್ಲಿ ಕಲಿತದ್ದರಲ್ಲಿ ಬಹುಪಾಲು ಆಗಲೇ ಕಲಿತದ್ದು.

## ಮೊದಲಿಗೆ

ಬಯೋಮಾರ್ಕರ್ ಅಂತಾರಲ್ಲ, ಹಾಗಂದ್ರೆ ಏನು? ಬ್ಲಡ್ ಟೆಸ್ಟ್ ಅಂದ್ರೆ ಆಗಲ್ವಾ?

ಆಗುತ್ತದೆ. ಡೆಂಗಿ ಬಂದವರಿಗೆ ಇಡೀ ಬೀದಿಯೇ "ಪ್ಲೇಟ್ಲೆಟ್ ಎಷ್ಟಿದೆ?" ಅಂತ ಕೇಳುತ್ತದಲ್ಲ, ಅದೂ ಒಂದು ಬಯೋಮಾರ್ಕರ್. ರಕ್ತದಲ್ಲಿ ಅಳೆಯಬಹುದಾದ ಒಂದು ವಸ್ತು, ಅದರಿಂದ ಕಾಯಿಲೆಯ ಬಗ್ಗೆ ಏನಾದರೂ ಅಂದಾಜು ಸಿಗಬೇಕು, ಅಷ್ಟೆ. ಮೂಗಿನ ಸ್ವಾಬ್ ಯಾವ ವೈರಸ್ ಅಂತ ಹೇಳುತ್ತದೆ. ಆ ವೈರಸ್ಸಿಗೆ ಮೈ ಹೇಗೆ ಪ್ರತಿಕ್ರಿಯೆ ಕೊಡುತ್ತಿದೆ ಅನ್ನುವುದನ್ನು ರಕ್ತ ಹೇಳುತ್ತದೆ. ಈ ಜ್ವರಗಳಲ್ಲಿ ಪ್ರಾಣಕ್ಕೆ ಕುತ್ತು ತರುವುದು ಬಹಳ ಸಲ ಆ ಪ್ರತಿಕ್ರಿಯೆಯೇ.

ಸಿಆರ್‌ಪಿ, ಎಲ್‌ಡಿಎಚ್, ಡಿ-ಡೈಮರ್, ಫೆರಿಟಿನ್... ಇಷ್ಟೊಂದು ಹೆಸರಿದೆ. ಒಂದೊಂದೂ ಏನು ಹೇಳುತ್ತೆ?

ಸಿಆರ್‌ಪಿ ಲಿವರ್ ಮಾಡುವ ಪ್ರೋಟೀನ್. ಮೈಯಲ್ಲಿ ಎಲ್ಲಾದರೂ ಉರಿಯೂತ ಶುರುವಾದರೆ ಐಎಲ್-6 ಅನ್ನುವ ರಾಸಾಯನಿಕ ಲಿವರ್‌ಗೆ ಸುದ್ದಿ ಮುಟ್ಟಿಸುತ್ತದೆ, ಲಿವರ್ ಸಿಆರ್‌ಪಿ ಸುರಿಯುತ್ತದೆ. 1930ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಮೊದಲು ಕಂಡರು. ಅಂದರೆ ಹುಟ್ಟಿದ್ದೇ ಶ್ವಾಸಕೋಶದ ಕಾಯಿಲೆಯ ನೆರಳಲ್ಲಿ.

ಎಲ್‌ಡಿಎಚ್ ಜೀವಕೋಶದ ಒಳಗೆ ಇರುವ ಕಿಣ್ವ. ಕೋಶ ಒಡೆದರೆ ಹೊರಗೆ ಸೋರುತ್ತದೆ. ಯಾವ ಅಂಗದ ಕೋಶ ಅಂತ ಮಾತ್ರ ಹೇಳುವುದಿಲ್ಲ. ಡಿ-ಡೈಮರ್ ಅಂದರೆ ಹೆಪ್ಪುಗಟ್ಟಿದ ರಕ್ತ ಕರಗುವಾಗ ಉಳಿಯುವ ಚೂರು. ಜಾಸ್ತಿ ಇದ್ದರೆ ಎಲ್ಲೋ ಹೆಪ್ಪುಗಟ್ಟುವುದೂ ಕರಗುವುದೂ ನಡೆದಿದೆ ಅಂತ ಅರ್ಥ.

ಫೆರಿಟಿನ್ ಕಬ್ಬಿಣದ ಉಗ್ರಾಣ. ಉರಿಯೂತದಲ್ಲೂ ಏರುತ್ತದೆ. ನಮ್ಮಲ್ಲಿ ಇದನ್ನು ಓದುವಾಗ ಒಂದು ಎಚ್ಚರ ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ರಕ್ತಹೀನತೆ. ಮೈಯಲ್ಲಿ ಕಬ್ಬಿಣ ಕಡಿಮೆಯಾಗಿ ಮಾಮೂಲಿ ದಿನಗಳಲ್ಲಿ ಫೆರಿಟಿನ್ 12 ಇದ್ದವರಿಗೆ ಜ್ವರದಲ್ಲಿ 120 ಬಂದರೆ ರಿಪೋರ್ಟು ನಾರ್ಮಲ್ ಅನ್ನುತ್ತದೆ. ಏರಿರುವುದು ಹತ್ತು ಪಟ್ಟು!

ಇನ್ನು ನನ್ನ ಮೆಚ್ಚಿನದು ಬಡಪಾಯಿ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ. ಅದರಲ್ಲಿ ನ್ಯೂಟ್ರೋಫಿಲ್, ಲಿಂಫೋಸೈಟ್ ಅನ್ನುವ ಬಿಳಿ ರಕ್ತಕಣಗಳ ಲೆಕ್ಕವಿರುತ್ತದೆ. ನ್ಯೂಟ್ರೋಫಿಲ್ ಶೇಕಡಾವಾರನ್ನು ಲಿಂಫೋಸೈಟ್ ಶೇಕಡಾವಾರಿನಿಂದ ಭಾಗಿಸಿ. 60ಕ್ಕೆ 30 ಇದ್ದರೆ 2. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 1ರಿಂದ 3ರ ಒಳಗೆ ಇರುತ್ತದೆ. 84ಕ್ಕೆ 8 ಅಂದರೆ 10.5, ಆಗ ನಾನು ವಾರ್ಡಿಗೆ ಫೋನ್ ಮಾಡುತ್ತೇನೆ. ಎನ್‌ಎಲ್‌ಆರ್ ಅನ್ನುತ್ತಾರೆ ಇದಕ್ಕೆ. ಬೇರೆ ಟೆಸ್ಟು ಬೇಡ, ಬೇರೆ ದುಡ್ಡೂ ಬೇಡ.

ಸಿಆರ್‌ಪಿ 48 ಬಂದಿದೆ. ನಾರ್ಮಲ್ 5ರ ಒಳಗೆ ಅಂತಿದೆ. ಹತ್ತು ಪಟ್ಟು ಜಾಸ್ತಿ ಅಲ್ವಾ ಮೇಡಂ?

ಲೆಕ್ಕ ಸರಿ, ಭಯ ಸರಿಯಲ್ಲ. ರಿಪೋರ್ಟಲ್ಲಿ ದಪ್ಪ ಅಕ್ಷರದಲ್ಲಿ ಬಿದ್ದ ನಂಬರು ಅಂದರೆ ಆರೋಗ್ಯವಂತರಲ್ಲಿ ಇಷ್ಟಿರುವುದಿಲ್ಲ ಅಂತ ಅಷ್ಟೆ. ನೀವು ಈಗ ಆರೋಗ್ಯವಂತರಲ್ಲ, ಜ್ವರ ಇದೆ. ಜ್ವರ ಇದ್ದವರಲ್ಲಿ 48 ಮಾಮೂಲಿ. ಸಿಆರ್‌ಪಿ ನೂರು, ಇನ್ನೂರು, ಮುನ್ನೂರಕ್ಕೂ ಹೋಗಬಲ್ಲದು. ಹಾಗಂತ 48 ಅಂದರೆ ಏನೂ ಇಲ್ಲ ಅಂತಲೂ ಅಲ್ಲ. ಇವತ್ತು ಎಷ್ಟನೇ ದಿನ, ಉಸಿರು ಹೇಗಿದೆ, ವಯಸ್ಸೆಷ್ಟು, ಶುಗರ್ ಇದೆಯಾ ಅಂತ ನಾನು ತಿರುಗಿ ಕೇಳುವುದು ಅದಕ್ಕೇ. ಯಾರ ರಕ್ತ, ಎಷ್ಟನೇ ದಿನದ ರಕ್ತ ಅಂತ ಗೊತ್ತಾಗದೆ ನಂಬರ್ ಒಂದೇ ಕೊಟ್ಟರೆ ನನಗೂ ಅದು ಮೂಕ.

ಒಂದು ಲ್ಯಾಬಲ್ಲಿ ಸಿಆರ್‌ಪಿ 6, ಇನ್ನೊಂದರಲ್ಲಿ 60. ಯಾರು ಸುಳ್ಳು ಹೇಳ್ತಿದ್ದಾರೆ?

ಇಬ್ಬರೂ ನಿಜ ಹೇಳುತ್ತಿರಬಹುದು. ನಂಬರಿನ ಪಕ್ಕ ಸಣ್ಣಕ್ಷರದಲ್ಲಿ ಯೂನಿಟ್ ಇರುತ್ತದೆ, ಯಾರೂ ನೋಡುವುದಿಲ್ಲ. ಒಂದು ಕಡೆ ಡೆಸಿಲೀಟರಿಗೆ 6 ಮಿಲಿಗ್ರಾಂ, ಇನ್ನೊಂದು ಕಡೆ ಲೀಟರಿಗೆ 60 ಮಿಲಿಗ್ರಾಂ. ಎರಡೂ ಒಂದೇ.

ಡಿ-ಡೈಮರ್‌ದು ಇನ್ನೂ ರಗಳೆ. ಮಿಲಿಲೀಟರಿಗೆ 500 ನ್ಯಾನೋಗ್ರಾಂ ಅಂತ ಬರೆಯುವವರಿದ್ದಾರೆ, 0.5 ಮೈಕ್ರೋಗ್ರಾಂ ಅಂತ ಬರೆಯುವವರಿದ್ದಾರೆ. ಅದರ ಮೇಲೆ ಎಫ್‌ಇಯು, ಡಿಡಿಯು ಅಂತ ಎರಡು ಅಳತೆ. ಎಫ್‌ಇಯುನಲ್ಲಿ 500 ಅಂದರೆ ಡಿಡಿಯುನಲ್ಲಿ ಸುಮಾರು 250. "ಡಬಲ್ ಆಗಿದೆ" ಅಂತ ರಾತ್ರಿ ಹನ್ನೊಂದಕ್ಕೆ ಅತ್ತುಕೊಂಡು ಫೋನ್ ಮಾಡಿದ ಒಬ್ಬರ ರಿಪೋರ್ಟಲ್ಲಿ ಆಗಿದ್ದು ಇಷ್ಟೇ, ಲ್ಯಾಬ್ ಬದಲಾಗಿತ್ತು. ಏರಿದೆಯೋ ಇಳಿದಿದೆಯೋ ನೋಡಬೇಕಾದರೆ ಅದೇ ಲ್ಯಾಬಿಗೆ ಹೋಗಿ.

## ಮನೆಯಲ್ಲೇ ಇರುವಾಗ

ಜ್ವರ ಬಂದು ಎರಡು ದಿನ ಆಯ್ತು. ಪೂರ್ತಿ ಪ್ಯಾಕೇಜ್ ಮಾಡಿಸಿಬಿಡಲಾ? ನೆಮ್ಮದಿ ಇರುತ್ತೆ.

ನೆಮ್ಮದಿ ಸಿಗುವ ಸಾಧ್ಯತೆ ಕಡಿಮೆ. ಯಾಕೆ ಅಂತ ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಇದು ಬರೀ ಊಹೆಯ ಲೆಕ್ಕ, ಯಾವ ಅಧ್ಯಯನದ್ದೂ ಅಲ್ಲ.

ಊರಲ್ಲಿ 1000 ಜನಕ್ಕೆ ವೈರಲ್ ಜ್ವರ, ಎಲ್ಲರೂ ಮನೆಯಲ್ಲಿದ್ದಾರೆ. ಅವರಲ್ಲಿ 20 ಜನಕ್ಕೆ ಮುಂದೆ ಜೋರಾಗುತ್ತದೆ ಅಂತ ಇಟ್ಟುಕೊಳ್ಳಿ. ಟೆಸ್ಟು ಒಳ್ಳೆಯದೇ, 100ಕ್ಕೆ 80 ಸಲ ಸರಿ ಹೇಳುತ್ತದೆ. ಆ 20ರಲ್ಲಿ 16 ಜನರನ್ನು ಹಿಡಿಯುತ್ತದೆ. ಆದರೆ ಏನೂ ಆಗದ 980 ಜನರಲ್ಲೂ 196 ಜನಕ್ಕೆ ತಪ್ಪಾಗಿ "ಜಾಸ್ತಿ" ಅಂತ ಬರುತ್ತದೆ. ಒಟ್ಟು 212 ಜನ ರಿಪೋರ್ಟ್ ಹಿಡಿದು ಗಾಬರಿ ಬೀಳುತ್ತಾರೆ, ನಿಜವಾಗಿ ಗಾಬರಿ ಬೀಳಬೇಕಾದವರು 16. ಇತ್ತ 4 ಜನ "ನಾರ್ಮಲ್ ಬಂತು" ಅಂತ ಹಾಯಾಗಿ ಮಲಗಿರುತ್ತಾರೆ. ಅದೇ ಟೆಸ್ಟನ್ನು ಆಕ್ಸಿಜನ್ ಇಳಿದು ಆಸ್ಪತ್ರೆ ಸೇರಿದವರಲ್ಲಿ ಮಾಡಿದರೆ ಕಥೆ ಬೇರೆ. ಅಲ್ಲಿ ಜೋರಾಗುವವರ ಪಾಲೇ ದೊಡ್ಡದು, ಹಾಗಾಗಿ "ಜಾಸ್ತಿ" ಅಂದದ್ದು ನಿಜವಾಗುವುದೂ ಜಾಸ್ತಿ.

ದಿನದ ಮಾತೂ ಇದೆ. ಕೋವಿಡ್ ಕೆಡುತ್ತಿದ್ದದ್ದು ಸಾಮಾನ್ಯವಾಗಿ ಎರಡನೇ ವಾರದ ಹೊಸ್ತಿಲಲ್ಲಿ. ಎರಡನೇ ದಿನದ ರಕ್ತಕ್ಕೆ ಎಂಟನೇ ದಿನದ ಸುದ್ದಿ ಗೊತ್ತಿರುವುದಿಲ್ಲ. 2021ರ ಮೇ ತಿಂಗಳಲ್ಲಿ ಆಗಿನ ಏಮ್ಸ್ ನಿರ್ದೇಶಕ ಡಾ. ರಣದೀಪ್ ಗುಲೇರಿಯಾ ಇದನ್ನೇ ಹೇಳಿದ್ದರು: ಸೌಮ್ಯ ಕಾಯಿಲೆಗೆ ಸಿಟಿ ಸ್ಕ್ಯಾನೂ ಬೇಡ, ಈ ಮಾರ್ಕರ್‌ಗಳೂ ಬೇಡ. ಆ ವಾರವೂ ನಮ್ಮ ಕಲೆಕ್ಷನ್ ಕೌಂಟರಿನ ಕ್ಯೂ ಗೇಟಿನವರೆಗೆ ಇತ್ತು. ಲ್ಯಾಬಿನವಳಾಗಿ ಇದನ್ನು ಬರೆಯುವುದು ಹೊಟ್ಟೆಪಾಡಿಗೆ ಒಳ್ಳೆಯದಲ್ಲ, ಇರಲಿ.

ಹಾಗಾದ್ರೆ ಮನೇಲಿ ಏನು ನೋಡ್ತಾ ಇರ್ಬೇಕು?

ಬೆರಳಿಗೆ ಹಾಕುವ ಆಕ್ಸಿಮೀಟರ್ ಮತ್ತು ಗೋಡೆ ಗಡಿಯಾರ. ಮಲಗಿದವರ ಎದೆ ನಿಮಿಷಕ್ಕೆ ಎಷ್ಟು ಸಲ ಏರಿಳಿಯುತ್ತದೆ ಅಂತ ಪೂರ್ತಿ ಒಂದು ನಿಮಿಷ ಎಣಿಸಿ, ಅವರಿಗೆ ಗೊತ್ತಾಗದ ಹಾಗೆ. ಗೊತ್ತಾದರೆ ಉಸಿರು ಬದಲಾಗುತ್ತದೆ. ದೊಡ್ಡವರಲ್ಲಿ 24 ಮುಟ್ಟಿದರೆ, ಅಥವಾ ಆಕ್ಸಿಜನ್ 93ಕ್ಕೆ ಇಳಿದರೆ, ಅಥವಾ ಮಾತಾಡುವುದರಲ್ಲಿ ತೊದಲು, ಗೊಂದಲ ಕಂಡರೆ ಆಸ್ಪತ್ರೆಗೆ ಹೊರಡಿ. ಲ್ಯಾಬಿಗೆ ಅಲ್ಲ.

ಡಿ-ಡೈಮರ್ 900 ಬಂದಿದೆ. ರಕ್ತ ತೆಳು ಮಾಡೋ ಮಾತ್ರೆ ಶುರು ಮಾಡ್ಲಾ?

ನಿಮ್ಮಷ್ಟಕ್ಕೆ ನೀವೇ ಮಾಡಬೇಡಿ, ದಯವಿಟ್ಟು. ಈ ಭಯದ ಬೇರು ಎಲ್ಲಿದೆ ಅಂತ ನೋಡಿ. 2020ರ ಮಾರ್ಚ್‌ನಲ್ಲಿ ವುಹಾನ್‌ನ ಎರಡು ಆಸ್ಪತ್ರೆಗಳ 191 ರೋಗಿಗಳ ವರದಿ "ಲ್ಯಾನ್ಸೆಟ್" ಪತ್ರಿಕೆಯಲ್ಲಿ ಬಂತು. ಸೇರಿದಾಗಲೇ ಡಿ-ಡೈಮರ್ 1 ಮೈಕ್ರೋಗ್ರಾಂ, ಅಂದರೆ 1000 ನ್ಯಾನೋಗ್ರಾಂ ದಾಟಿದ್ದವರಲ್ಲಿ ಸಾವು ಬಹಳ ಜಾಸ್ತಿ ಇತ್ತು. ಸುದ್ದಿ ಪ್ರಪಂಚ ಸುತ್ತಿತು. ಆದರೆ ಅವರೆಲ್ಲ ಆಸ್ಪತ್ರೆಯಲ್ಲಿದ್ದವರು. ಆ 191ರಲ್ಲಿ 54 ಜನ ತೀರಿಕೊಂಡರು, ಅಷ್ಟು ಕಾಯಿಲೆಯ ಗುಂಪು ಅದು.

ಮುಂದೆ ಮಾತ್ರೆ ಕೊಟ್ಟೂ ನೋಡಿದರು. ಬ್ರೆಜಿಲ್‌ನಲ್ಲಿ ಆಸ್ಪತ್ರೆಯಲ್ಲಿದ್ದ, ಡಿ-ಡೈಮರ್ ಜಾಸ್ತಿ ಇದ್ದ 615 ಜನರ ಮೇಲೆ ಪ್ರಯೋಗ ನಡೆಯಿತು. ಪೂರ್ತಿ ಡೋಸ್ ರಿವಾರಾಕ್ಸಬಾನ್‌ನಿಂದ ಲಾಭ ಕಾಣಲಿಲ್ಲ, ರಕ್ತಸ್ರಾವ ಜಾಸ್ತಿಯಾಯಿತು. ಅಮೆರಿಕದಲ್ಲಿ ಮನೆಯಲ್ಲೇ ಇದ್ದ ರೋಗಿಗಳಿಗೆ ಆಸ್ಪಿರಿನ್, ಅಪಿಕ್ಸಬಾನ್ ಕೊಟ್ಟು ನೋಡುತ್ತಿದ್ದ ಪ್ರಯೋಗವನ್ನು 2021ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. ತೊಂದರೆ ಆಗುವವರೇ ತೀರಾ ಕಡಿಮೆ ಇದ್ದರು, ತಡೆಯುವುದಕ್ಕೆ ಏನೂ ಇರಲಿಲ್ಲ.

ಅಂದ ಹಾಗೆ ಡಿ-ಡೈಮರ್ ವಯಸ್ಸಾದಂತೆ ತಾನೇ ಏರುತ್ತದೆ. ಬಸುರಿಯರಲ್ಲೂ ಏರುತ್ತದೆ, ಆಪರೇಷನ್ ಆದವರಲ್ಲೂ. ಕಾಲು ಒಂದೇ ಕಡೆ ಊದಿ ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಎದೆ ಹಿಡಿದರೆ ಮಾತ್ರ ನಂಬರ್ ನೋಡುತ್ತಾ ಕೂರಬೇಡಿ, ತಕ್ಷಣ ಡಾಕ್ಟರ ಹತ್ತಿರ ಹೋಗಿ.

ಸಿಆರ್‌ಪಿ ಜಾಸ್ತಿ ಅಂದ್ರೆ ಬ್ಯಾಕ್ಟೀರಿಯಾ ಸೇರ್ಕೊಂಡಿದೆ, ಆಂಟಿಬಯೋಟಿಕ್ ಬೇಕು ತಾನೇ?

ಬರೀ ಸಿಆರ್‌ಪಿ ನೋಡಿ ಹಾಗೆ ಹೇಳಲಾಗುವುದಿಲ್ಲ. ಕೋವಿಡ್ ಒಂದೇ, ಬ್ಯಾಕ್ಟೀರಿಯಾ ಇಲ್ಲದೆ, ಸಿಆರ್‌ಪಿಯನ್ನು 150ಕ್ಕೆ ಏರಿಸಬಲ್ಲದು. ಪ್ರೊಕ್ಯಾಲ್ಸಿಟೋನಿನ್ ಅನ್ನುವ ಇನ್ನೊಂದು ಮಾರ್ಕರ್ ಇಲ್ಲಿ ಸ್ವಲ್ಪ ಉಪಕಾರಿ. ಬ್ಯಾಕ್ಟೀರಿಯಾ ಬಂದರೆ ಅದು ಏರುತ್ತದೆ. ವೈರಸ್ ಬಂದಾಗ ಮೈ ಮಾಡುವ ಇಂಟರ್‌ಫೆರಾನ್ ಗಾಮಾ ಅದನ್ನು ಅದುಮಿಡುತ್ತದೆ. ಸಿಆರ್‌ಪಿ ತುಂಬಾ, ಪ್ರೊಕ್ಯಾಲ್ಸಿಟೋನಿನ್ 0.1 ಅಂತ ಬಂದರೆ ಡಾಕ್ಟರು ಆಂಟಿಬಯೋಟಿಕ್ ಬರೆಯುವ ಮುಂಚೆ ಒಂದು ಕ್ಷಣ ಯೋಚಿಸುತ್ತಾರೆ. ಕಿಡ್ನಿ ಕೆಟ್ಟವರಲ್ಲಿ ಇದೂ ಸುಮ್ನೆ ಏರಿರುತ್ತದೆ, ಅದು ನೆನಪಿರಲಿ.

ಮಗುವಿಗೆ ಆರ್‌ಎಸ್‌ವಿ ಅಂದ್ರು, ಎದೆ ಗೊರಗೊರ ಅಂತಿದೆ. ಡಾಕ್ಟ್ರು ಬ್ಲಡ್ ಟೆಸ್ಟೇ ಬರೆದಿಲ್ಲ. ಸರಿನಾ?

ಸರಿಯಾಗಿಯೇ ಮಾಡಿದ್ದಾರೆ. ಆರ್‌ಎಸ್‌ವಿ ಉಸಿರಾಟಕ್ಕೆ ತೊಂದರೆ ಕೊಡುವ ಒಂದು ವೈರಸ್. ಎಳೆ ಮಕ್ಕಳ ಬ್ರಾಂಕಿಯೋಲೈಟಿಸ್, ಅಂದರೆ ಸಣ್ಣ ಶ್ವಾಸನಾಳಗಳ ಉರಿಯೂತದಲ್ಲಿ ರಕ್ತಕ್ಕಿಂತ ಕಣ್ಣೇ ಜಾಸ್ತಿ ಹೇಳುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಮಾಮೂಲಾಗಿ ರಕ್ತ ಪರೀಕ್ಷೆ, ಎಕ್ಸ್‌ರೇ ಬೇಡ ಅಂತ ಹೇಳಿದೆ. ನೋಡಬೇಕಾದ್ದು ಉಸಿರು: ಎರಡು ತಿಂಗಳ ಒಳಗಿನ ಕೂಸಿಗೆ ನಿಮಿಷಕ್ಕೆ 60, ಒಂದು ವರ್ಷದ ಒಳಗೆ 50, ಐದು ವರ್ಷದ ಒಳಗೆ 40 ಮುಟ್ಟಿದರೆ ಜಾಸ್ತಿ ಅಂತ ಲೆಕ್ಕ. ಪಕ್ಕೆ ಒಳಗೆ ಎಳೆದುಕೊಳ್ಳುತ್ತಿದೆಯಾ? ಹಾಲು ಕುಡಿಯುತ್ತಿದೆಯಾ? ಡಯಾಪರ್ ಒದ್ದೆಯಾಗುತ್ತಿದೆಯಾ? 2025ರ ಜನವರಿಯಲ್ಲಿ ಬೆಂಗಳೂರಿನ ಇಬ್ಬರು ಶಿಶುಗಳಲ್ಲಿ ಎಚ್‌ಎಂಪಿವಿ ಅನ್ನುವ ಇಂಥದ್ದೇ ವೈರಸ್ ಸಿಕ್ಕಿತು ಅಂತ ಟಿವಿಯಲ್ಲಿ ದೊಡ್ಡ ಗದ್ದಲವಾಯಿತಲ್ಲ, ಅದಕ್ಕೂ ಇದೇ ಮಾತು.

## ಆಸ್ಪತ್ರೆ ಸೇರಿದ ಮೇಲೆ

ಅಪ್ಪನಿಗೆ ದಿನಾ ರಕ್ತ ತೆಗೀತಾರೆ. ಕೈಯೆಲ್ಲ ನೀಲಿ ಆಗಿದೆ. ಇಷ್ಟೊಂದು ಬೇಕಾ?

ಆಕ್ಸಿಜನ್ ಮೇಲಿದ್ದರೆ ಸ್ವಲ್ಪ ಬೇಕು. 2021ರ ಏಪ್ರಿಲ್‌ನ ಏಮ್ಸ್–ಐಸಿಎಂಆರ್ ಮಾರ್ಗಸೂಚಿ ಇದನ್ನು ಗಂಟೆ ಲೆಕ್ಕದಲ್ಲೇ ಹೇಳಿತ್ತು. ಮಧ್ಯಮ ಕಾಯಿಲೆಗೆ ಸಿಆರ್‌ಪಿ, ಡಿ-ಡೈಮರ್ 48ರಿಂದ 72 ಗಂಟೆಗೊಮ್ಮೆ. ತೀವ್ರವಾಗಿದ್ದರೆ 24ರಿಂದ 48 ಗಂಟೆಗೊಮ್ಮೆ. ಐಎಲ್-6 ಟೆಸ್ಟು ರೋಗಿಯ ಸ್ಥಿತಿ ಕೆಡುತ್ತಿದ್ದರೆ ಮಾತ್ರ. ಸಿಆರ್‌ಪಿ ಅರ್ಧಕ್ಕೆ ಇಳಿಯುವುದಕ್ಕೆ ಸುಮಾರು 19 ಗಂಟೆ ಬೇಕು. ಬೆಳಿಗ್ಗೆ ನೋಡಿ ಸಂಜೆ ಮತ್ತೆ ನೋಡಿದರೆ ಹೊಸದೇನೂ ತಿಳಿಯುವುದಿಲ್ಲ. 160, 90, 45 ಅಂತ ದಿನ ದಿನ ಇಳಿದರೆ ಸಂತೋಷ. 60 ಇದ್ದದ್ದು 140 ಆದರೆ, ಅಪ್ಪ "ಆರಾಮಿದೀನಿ ಕಣೋ" ಅಂದರೂ ಡಾಕ್ಟರು ಹತ್ತಿರದಿಂದ ನೋಡುತ್ತಾರೆ.

ನಿನ್ನೆ ಎಲ್‌ಡಿಎಚ್ 280, ಇವತ್ತು 610. ಒಂದೇ ರಾತ್ರಿಗೆ ಇಷ್ಟು ಕೆಟ್ಟಿತಾ?

ಮೊದಲು ಟ್ಯೂಬ್ ನೋಡಬೇಕು. ಟ್ಯೂಬನ್ನು ಗಿರಗಿರ ತಿರುಗಿಸುವ ಸೆಂಟ್ರಿಫ್ಯೂಜ್‌ನಿಂದ ತೆಗೆದಾಗ ಮೇಲೆ ನಿಂತ ದ್ರವ, ಅಂದರೆ ಸೀರಂ, ತಿಳಿ ಹಳದಿ ಇರಬೇಕು, ಗೋಮೂತ್ರದ ಬಣ್ಣ ಅನ್ನುತ್ತಿದ್ದರು ನಮ್ಮ ಹಳೇ ಟೆಕ್ನಿಷಿಯನ್. ಗುಲಾಬಿ ಬಣ್ಣ ಕಂಡರೆ ರಕ್ತಕಣ ಒಡೆದಿವೆ ಅಂತ ಅರ್ಥ. ಸಣ್ಣ ಸೂಜಿ, ನರ ಸಿಗಲಿಲ್ಲ, ಸಿರಿಂಜನ್ನು ಜೋರಾಗಿ ಎಳೆದರು, ಟ್ಯೂಬನ್ನು ಲೊಟಲೊಟ ಅಲ್ಲಾಡಿಸಿದರು, ಇಷ್ಟು ಸಾಕು. ಕಣದೊಳಗೆ ತುಂಬಿರುವ ಎಲ್‌ಡಿಎಚ್ ಸೀರಂಗೆ ಸುರಿದಿರುತ್ತದೆ. ಪೊಟ್ಯಾಶಿಯಂ ಕೂಡ ಹಾಗೆಯೇ ಏರುತ್ತದೆ. ಅಂಥ ಸ್ಯಾಂಪಲ್ಲನ್ನು ವಾಪಸ್ ಮಾಡಬೇಕು. ರಾತ್ರಿ ಪಾಳಿಯಲ್ಲಿ ಎಲ್ಲರೂ ಮಾಡುವುದಿಲ್ಲ, ಅದೇ ಬೇಜಾರು.

ಡಿ-ಡೈಮರ್‌ಗೆ ತಿಳಿನೀಲಿ ಮುಚ್ಚಳದ ಟ್ಯೂಬ್. ಅದರಲ್ಲಿ ಸಿಟ್ರೇಟ್ ದ್ರವ ಮೊದಲೇ ಇರುತ್ತದೆ, ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು. ಗೆರೆ ಮುಟ್ಟುವಷ್ಟು ರಕ್ತ ತುಂಬದಿದ್ದರೆ ಲೆಕ್ಕವೇ ತಪ್ಪುತ್ತದೆ.

ಸ್ಟೆರಾಯ್ಡ್ ಕೊಟ್ಟ ಮೇಲೆ ಸಿಆರ್‌ಪಿ ಇಳಿದಿದೆ, ಆದ್ರೆ ಡಬ್ಲ್ಯೂಬಿಸಿ 16 ಸಾವಿರ. ಇನ್‌ಫೆಕ್ಷನ್ ಜಾಸ್ತಿ ಆಯ್ತಾ?

ಆಗಿರಲೇಬೇಕು ಅಂತಿಲ್ಲ. ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ನ್ಯೂಟ್ರೋಫಿಲ್‌ಗಳನ್ನು ಸ್ಟೆರಾಯ್ಡ್ ಹರಿವಿಗೆ ಬಿಡಿಸುತ್ತದೆ, ಡಬ್ಲ್ಯೂಬಿಸಿ, ಅಂದರೆ ಬಿಳಿ ರಕ್ತಕಣಗಳ ಎಣಿಕೆ ಏರುತ್ತದೆ. ನಾನು ಮೇಲೆ ಹೊಗಳಿದ ಎನ್‌ಎಲ್‌ಆರ್ ಈ ಹೊತ್ತಿಗೆ ಕೆಲಸಕ್ಕೆ ಬರುವುದಿಲ್ಲ. ಟೊಸಿಲಿಜುಮಾಬ್ ಕೊಟ್ಟವರಲ್ಲಿ ಇದಕ್ಕೆ ಉಲ್ಟಾ ತೊಂದರೆ. ಆ ಔಷಧ ಐಎಲ್-6ರ ಬಾಗಿಲನ್ನೇ ಮುಚ್ಚುತ್ತದೆ. ಲಿವರ್‌ಗೆ ಸುದ್ದಿ ಮುಟ್ಟುವುದಿಲ್ಲ, ಸಿಆರ್‌ಪಿ ಸೊನ್ನೆಗೆ ಹತ್ತಿರ ಬಂದು ನಿಲ್ಲುತ್ತದೆ. ಒಳಗೆ ಹೊಸ ಸೋಂಕು ಬೆಳೆಯುತ್ತಿದ್ದರೂ ರಿಪೋರ್ಟು ಚೆನ್ನಾಗಿ ಕಾಣುತ್ತದೆ.

ಈ ನಂಬರ್ ನೋಡಿ ಉಳೀತಾರೋ ಇಲ್ವೋ ಹೇಳೋಕಾಗುತ್ತಾ?

ಒಬ್ಬರ ವಿಷಯ ಹೇಳಲಾಗುವುದಿಲ್ಲ. ಇಂಥ ನೂರು ಜನರಲ್ಲಿ ಎಷ್ಟು ಜನ ಅಂತ ಹೇಳಬಹುದು. ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳ ಸಾವಿನ ಅಪಾಯ ಅಂದಾಜು ಮಾಡುವ ಬ್ರಿಟನ್ನಿನ 4ಸಿ ಸ್ಕೋರ್, 2020ರದ್ದು. 35,463 ರೋಗಿಗಳ ಮಾಹಿತಿಯಿಂದ ಮಾಡಿ, ಬೇರೆ 22,361 ಜನರಲ್ಲಿ ಪರೀಕ್ಷಿಸಿದ್ದು. ಎಂಟು ಅಂಶಗಳು: ವಯಸ್ಸು, ಗಂಡೋ ಹೆಣ್ಣೋ, ಬೇರೆ ಕಾಯಿಲೆ ಎಷ್ಟಿವೆ, ಉಸಿರಿನ ವೇಗ, ಆಕ್ಸಿಜನ್, ಪ್ರಜ್ಞೆ, ಯೂರಿಯಾ, ಸಿಆರ್‌ಪಿ. ಒಟ್ಟು 21 ಅಂಕ. ಎಂಟರಲ್ಲಿ ರಕ್ತದ್ದು ಎರಡೇ, ಅವೂ ತಾಲ್ಲೂಕು ಆಸ್ಪತ್ರೆಯಲ್ಲೂ ಆಗುವಂಥವು. ಅತಿ ಹೆಚ್ಚು ಅಂಕ ಎಳೆಯುವುದು ವಯಸ್ಸು. ಆಧಾರ್ ಕಾರ್ಡಿನಲ್ಲೇ ಸಿಗುವ ಬಯೋಮಾರ್ಕರ್!

## ಇನ್ನೂ ಸ್ವಲ್ಪ ಆಳಕ್ಕೆ

ಎಐ ಮೂರು ಬ್ಲಡ್ ಟೆಸ್ಟಲ್ಲೇ ಸಾವನ್ನ ಹತ್ತು ದಿನ ಮುಂಚೆ ಹೇಳುತ್ತೆ ಅಂತ ಓದಿದ್ದೆ. ಅದೇನಾಯ್ತು?

2020ರ ಮೇನಲ್ಲಿ ವುಹಾನ್‌ನಿಂದ ಬಂದದ್ದು ಅದು. ಎಲ್‌ಡಿಎಚ್, ಲಿಂಫೋಸೈಟ್, ಸಿಆರ್‌ಪಿ, ಮೂರೇ ಮೂರು. ನೂರಕ್ಕೆ 90ಕ್ಕಿಂತ ಜಾಸ್ತಿ ಸರಿ ಅಂದರು. ನೆದರ್ಲೆಂಡ್ಸ್, ಫ್ರಾನ್ಸ್, ನ್ಯೂಯಾರ್ಕ್‌ನವರು ತಮ್ಮ ರೋಗಿಗಳಲ್ಲಿ ಹಾಕಿ ನೋಡಿದರು, ಅಷ್ಟು ಚೆನ್ನಾಗಿ ಕೆಲಸ ಮಾಡಲಿಲ್ಲ. ಮುಖ್ಯ ತೊಡಕು ಒಂದಿತ್ತು. ಆ ಎಐ ಮಾದರಿ ಕಲಿತದ್ದು ರೋಗಿಯ ಕೊನೆಯ ರಕ್ತದಿಂದ, ಅಂದರೆ ಸಾವಿಗೋ ಡಿಸ್ಚಾರ್ಜಿಗೋ ಹತ್ತಿರದ್ದು. ನಮಗೆ ನಿರ್ಧಾರ ಬೇಕಾಗಿರುವುದು ಸೇರಿದ ಮೊದಲ ದಿನ. ಪರೀಕ್ಷೆ ಮುಗಿಯುವ ಹೊತ್ತಿಗೆ ಹುಡುಗ ಪಾಸಾಗುತ್ತಾನಾ ಅಂತ ಹೇಳುವುದು ಕಷ್ಟವೇನಲ್ಲ. ಇಂಥ 232 ಮಾದರಿಗಳನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ಒಂದು ವಿಮರ್ಶೆ ಜರಡಿ ಹಿಡಿಯಿತು, ಬಹುತೇಕ ಎಲ್ಲವೂ ನಂಬುವಂತಿರಲಿಲ್ಲ.

ಸರಿ, ಜೋರಾಗುತ್ತೆ ಅಂತ ಮೊದಲೇ ಗೊತ್ತಾಯ್ತು ಅನ್ನಿ. ಅದ್ರಿಂದ ಟ್ರೀಟ್‌ಮೆಂಟ್ ಬದಲಾಗುತ್ತಾ?

ಇದು ಎಲ್ಲರೂ ಕೇಳಬೇಕಾದ ಪ್ರಶ್ನೆ, ಕೇಳುವವರು ಕಡಿಮೆ. ಹೆಚ್ಚಿನ ಮಾರ್ಕರ್‌ಗಳು ಕೆಟ್ಟ ಸುದ್ದಿ ಕೊಡುತ್ತವೆ, ಏನು ಮಾಡಬೇಕು ಅಂತ ಹೇಳುವುದಿಲ್ಲ. ಹೇಳಿದ್ದು ಕೆಲವೇ. ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಆಕ್ಸಿಜನ್ ಕಡಿಮೆ ಇದ್ದು ಸಿಆರ್‌ಪಿ 75 ಅಥವಾ ಅದಕ್ಕಿಂತ ಜಾಸ್ತಿ ಇದ್ದವರಿಗೆ ಟೊಸಿಲಿಜುಮಾಬ್ ಕೊಟ್ಟರು. ಕೊಟ್ಟವರಲ್ಲಿ 31%, ಕೊಡದವರಲ್ಲಿ 35% ಜನ 28 ದಿನದೊಳಗೆ ತೀರಿಕೊಂಡರು. ಗ್ರೀಸ್‌ನವರ ನೇತೃತ್ವದ ಸೇವ್-ಮೋರ್ ಪ್ರಯೋಗದಲ್ಲಿ ಸೂಪಾರ್ ಅನ್ನುವ ಮಾರ್ಕರ್ 6 ಮುಟ್ಟಿದವರಿಗೆ ಉರಿಯೂತ ತಗ್ಗಿಸುವ ಅನಕಿನ್ರಾ ಔಷಧ ಕೊಟ್ಟು ಲಾಭ ಕಂಡರು. 2021ರ ಡಿಸೆಂಬರ್‌ನಲ್ಲಿ ಯುರೋಪ್ ಅದಕ್ಕೆ ಒಪ್ಪಿಗೆ ಕೊಟ್ಟಿತು.

ಇದರ ಉಲ್ಟಾ ಕಥೆ ಡೆಕ್ಸಾಮೆಥಾಸೋನ್ ಅನ್ನುವ ಸ್ಟೆರಾಯ್ಡ್‌ದು. ಅದೇ ರಿಕವರಿಯಲ್ಲಿ ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು 41.4%ರಿಂದ 29.3%ಕ್ಕೆ ಇಳಿಯಿತು. ಆಕ್ಸಿಜನ್ನೇ ಬೇಡದವರಲ್ಲಿ ಲಾಭ ಕಾಣಲಿಲ್ಲ, ಸತ್ತವರ ಪಾಲು ಸ್ವಲ್ಪ ಜಾಸ್ತಿಯೇ ಇತ್ತು. ಇಲ್ಲಿ ಗೆರೆ ಎಳೆದದ್ದು ಆಕ್ಸಿಜನ್, ಸಿಆರ್‌ಪಿ ಅಲ್ಲ. ನಮ್ಮಲ್ಲಿ ಎರಡನೇ ಅಲೆಯಲ್ಲಿ ಸಿಆರ್‌ಪಿ 30 ನೋಡಿ ಮನೆಯಲ್ಲೇ ಸ್ಟೆರಾಯ್ಡ್ ನುಂಗಿದವರೆಷ್ಟೋ. ಶುಗರ್ ಏರಿತು, ಕಪ್ಪು ಶಿಲೀಂಧ್ರಕ್ಕೆ ದಾರಿಯಾಯಿತು.

ಫ್ಲೂಗೂ ಇಂಥ ಟೆಸ್ಟ್ ಬರ್ತಿದ್ಯಾ?

ಬರುತ್ತಿದೆ. ಪ್ರೋಟೀನ್ ಬಿಟ್ಟು ರಕ್ತಕಣಗಳ ವಂಶವಾಹಿಗಳನ್ನೇ ಕೇಳುವ ದಾರಿ ಅದು. ಐಎಫ್ಐ27 ಅನ್ನುವ ಜೀನ್ ವೈರಸ್ ಬಂದಾಗ ಎದ್ದು ಕೂರುತ್ತದೆ, ಬ್ಯಾಕ್ಟೀರಿಯಾಕ್ಕೆ ಅಷ್ಟಾಗಿ ಏಳುವುದಿಲ್ಲ. 2017ರಲ್ಲಿ ಫ್ಲೂ ರೋಗಿಗಳನ್ನು ಬೇರ್ಪಡಿಸುವುದಕ್ಕೆ ಇದು ಉಪಯೋಗ ಅಂತ ತೋರಿಸಿದರು. ಎಂಎಕ್ಸ್ಎ (MxA) ಅನ್ನುವ ಪ್ರೋಟೀನನ್ನು ಸಿಆರ್‌ಪಿ ಜೊತೆ ಸೇರಿಸಿ ಬೆರಳು ಚುಚ್ಚಿ ನೋಡುವ ಕಿಟ್ ಕೂಡ ಇದೆ. ಇವು ಹೆಚ್ಚಾಗಿ "ವೈರಸ್ಸಾ, ಬ್ಯಾಕ್ಟೀರಿಯಾನಾ" ಅನ್ನುವುದಕ್ಕೆ. "ಜೋರಾಗುತ್ತಾ" ಅನ್ನುವುದಕ್ಕೆ ಇನ್ನೂ ಕಾಯಬೇಕು.

ನನ್ನ ಅಣ್ಣನಿಗೆ ಶುಗರ್ ಇಲ್ಲ, ಬಿಪಿ ಇಲ್ಲ. ಆದ್ರೂ ಐಸಿಯು ಸೇರಿದ. ಮನೇಲಿ ಉಳಿದವರಿಗೆ ಏನೂ ಆಗ್ಲಿಲ್ಲ. ರಕ್ತದಲ್ಲಿ ಮೊದಲೇ ಏನಾದ್ರೂ ಇತ್ತಾ?

ಕೆಲವರಲ್ಲಿ ಇರುತ್ತದೆ. 2020ರಲ್ಲಿ ರೋಗನಿರೋಧಕ ಶಕ್ತಿಯ ಸಂಶೋಧಕ ಕಸಾನೋವಾ ಅವರ ತಂಡ ಪ್ರಾಣಾಪಾಯದ ಕೋವಿಡ್ ಆದ 987 ಜನರ ರಕ್ತ ನೋಡಿತು. 101 ಜನರಲ್ಲಿ ತಮ್ಮದೇ ಇಂಟರ್‌ಫೆರಾನನ್ನು ಹಿಡಿದು ನಿಲ್ಲಿಸುವ ಪ್ರತಿಕಾಯಗಳಿದ್ದವು. ವೈರಸ್ ಬಂತು ಅಂತ ಮೊದಲು ಕೂಗುವುದೇ ಇಂಟರ್‌ಫೆರಾನ್. ಅದರ ಬಾಯಿಯನ್ನು ಮನೆಯವರೇ ಮುಚ್ಚಿದಂತೆ ಆಯಿತು. ಸೌಮ್ಯವಾಗಿ ಅಥವಾ ಲಕ್ಷಣವೇ ಇಲ್ಲದೆ ಬಂದುಹೋದ 663 ಜನರಲ್ಲಿ ಒಬ್ಬರಲ್ಲೂ ಇದು ಸಿಗಲಿಲ್ಲ. ಆ 101ರಲ್ಲಿ 95 ಜನ ಗಂಡಸರು, ಅದಂತೂ ನನಗೆ ಓದಿದ ದಿನ ತಲೆಯಲ್ಲೇ ಕೂತುಬಿಟ್ಟಿತು.

ಈ ಪ್ರತಿಕಾಯಗಳು ಕಾಯಿಲೆಗೆ ಮೊದಲೇ ರಕ್ತದಲ್ಲಿ ಇದ್ದವು ಅಂತ, ಹಳೇ ಸ್ಯಾಂಪಲ್ ಸಿಕ್ಕ ಕೆಲವರಲ್ಲಿ ಗೊತ್ತಾಯಿತು. ಮುನ್ಸೂಚನೆ ಅಂದರೆ ನಿಜವಾಗಿ ಇದು. ನಿಮ್ಮ ಅಣ್ಣನಿಗೆ ಇದೇ ಇತ್ತು ಅಂತ ಈಗ ಹೇಳಲಾರೆ. ಮಾಮೂಲಿ ಪ್ಯಾಕೇಜ್ ಪಟ್ಟಿಯಲ್ಲಿ ಈ ಟೆಸ್ಟನ್ನು ಹುಡುಕಬೇಡಿ, ಸಿಗುವುದಿಲ್ಲ. ನಮ್ಮ ಲ್ಯಾಬಲ್ಲೂ ಇಲ್ಲ.